ಆರಿಕ್ಯುಲ: ಒಂದು ಪರ್ವತಪುಷ್ಪದ ಐತಿಹ್ಯವೂ ಇತಿಹಾಸವೂ

ಇಂಗ್ಲೆಂಡಿನ ಉದ್ಯಾನಗ್ರಂಥಗಳಲ್ಲಿ ಮತ್ತೆ ಮತ್ತೆ ಕಾಣಬರುವ ಒಂದು ಕಥೆಯುಂಟು. 16ನೆಯ ಶತಮಾನದಲ್ಲಿ ಫ್ಲಾಂಡರ್ಸ್, ಫ್ರಾನ್ಸ್ ಮುಂತಾದ ನಾಡುಗಳಲ್ಲಿ ಮತೀಯ ಹಿಂಸೆಗೆ ಗುರಿಯಾದ ಪ್ರಾಟೆಸ್ಟಂಟ್ ನೇಕಾರರು ಕಡಲನ್ನು ದಾಟಿ ಇಂಗ್ಲೆಂಡಿಗೆ ಓಡಿಬಂದರು. ಮನೆಮಾರುಗಳನ್ನು ತೊರೆದು ಬಂದ ಅವರು ತಾವು ಪ್ರೀತಿಯಿಂದ ಸಾಕಿದ್ದ ಒಂದು ಪುಟ್ಟ ಹೂಗಿಡವನ್ನು ಮಾತ್ರ ಬಿಡದೆ ಜೊತೆಯಲ್ಲಿ ತಂದರು. ಅದೇ ಗಿಡವು ಮುಂದೆ ಲ್ಯಾಂಕಷೈರಿನ ನೇಕಾರರ ಮನೆಯಂಗಳಗಳಲ್ಲಿ ಅರಳಿ ಕೀರ್ತಿಯನ್ನು ಪಡೆಯಿತು. ಆ ಗಿಡದ ಹೆಸರು ಆರಿಕ್ಯುಲ. ಕಥೆಯೇನೋ ಮನೋಹರವಾಗಿದೆ. ಆದರೆ ಮನೋಹರವಾದ ಕಥೆಗಳ ವಿಷಯದಲ್ಲಿ ಇತಿಹಾಸದ ವಿದ್ಯಾರ್ಥಿಯು ತುಸು ಹೆಚ್ಚು ಎಚ್ಚರದಿಂದಿರಬೇಕಾಗುತ್ತದೆ. ಈ ಗಿಡ ಎಲ್ಲಿಯದು, ಯಾರ ಕೈಯಿಂದ ಕೈಗೆ ಸಾಗಿತು, ಅದರ ಈಗಿನ ರೂಪವನ್ನು ನಿರ್ಮಿಸಿದವರು ಯಾರು ಎಂಬ ಪ್ರಶ್ನೆಗಳನ್ನು ಎತ್ತಿಕೊಂಡರೆ, ಬರೆದಿಟ್ಟ ಆಧಾರಗಳು ಯಾರನ್ನು ನೆನೆಯುತ್ತವೆ, ಯಾರನ್ನು ಮರೆಯುತ್ತವೆ ಎಂಬುದೂ ತಾನಾಗಿಯೇ ಹೊರಬೀಳುತ್ತದೆ. ಇತಿಹಾಸ ವಿಭಾಗದ ಈ ಸಂಚಿಕೆಯಲ್ಲಿ ಹೂವೊಂದರ ಕುರಿತು ಬರೆಯುವುದಕ್ಕೆ ಇದೇ ಕಾರಣ.

ಮೊದಲು ಗಿಡದ ಪರಿಚಯವನ್ನು ಮಾಡಿಕೊಳ್ಳೋಣ. 1753ರಲ್ಲಿ ಲಿನೇಯಸನು ಇದಕ್ಕೆ ‘ಪ್ರಿಮ್ಯುಲ ಆರಿಕ್ಯುಲ’ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು. ಆರಿಕ್ಯುಲ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಪುಟ್ಟ ಕಿವಿ. ಲಿನೇಯಸನಿಗಿಂತ ಹಿಂದಿನ ಪಂಡಿತರು ಇದನ್ನು ‘ಕರಡಿಯ ಕಿವಿ’ ಎಂಬರ್ಥದ ‘ಆರಿಕ್ಯುಲ ಉರ್ಸಿ’ ಎಂದು ಕರೆಯುತ್ತಿದ್ದರು. ದಪ್ಪನಾಗಿ, ದುಂಡಗೆ, ನೆಟ್ಟಗೆ ನಿಲ್ಲುವ ಎಲೆಯ ಆಕಾರವೇ ಈ ಹೆಸರಿಗೆ ಮೂಲ. ಆಲ್ಪ್ಸ್ ಪರ್ವತಗಳ ಸುಣ್ಣಕಲ್ಲಿನ ಬಂಡೆಗಳ ಬಿರುಕುಗಳೂ ಕಲ್ಲುಹುಲ್ಲುಗಾವಲುಗಳೂ ಇದರ ನೆಲೆ. ಕಣಿವೆಗಳ ತಂಪಾದ ಕಮರಿಗಳಿಂದ ಹಿಡಿದು ಎರಡು ಸಾವಿರ ಮೀಟರಿಗೂ ಮೀರಿದ ಎತ್ತರದವರೆಗೆ ಇದು ದೊರೆಯುತ್ತದೆ. ಎಲೆಗಳು ನೆಲಕ್ಕೆ ಹತ್ತಿ ಚಕ್ರಾಕಾರವಾಗಿ ಹರಡಿರುತ್ತವೆ. ಹಿಮ ಕರಗಿದೊಡನೆ ಅವುಗಳ ನಡುವಿನಿಂದ ಗೇಣುದ್ದಕ್ಕೂ ಕಡಿಮೆಯಾದ ಒಂದು ಕಾಂಡವು ಮೇಲೆದ್ದು, ಅದರ ತುದಿಯಲ್ಲಿ ಅಚ್ಚ ಹಳದಿ ಬಣ್ಣದ, ಸುವಾಸನೆಯುಳ್ಳ ಹೂಗಳು ಗೊಂಚಲಾಗಿ ಅರಳುತ್ತವೆ. ಎಲೆ, ಕಾಂಡ ಮತ್ತು ಹೂವಿನ ಕೊರಳಿನ ಮೇಲೆ ಅಕ್ಕಿಯ ಹಿಟ್ಟನ್ನು ಉದುರಿಸಿದಂಥ ಬಿಳಿಯ ಪುಡಿಯಿರುವುದುಂಟು. ಗಿಡವೇ ಸ್ರವಿಸುವ ಫ್ಲೇವೋನ್ ಎಂಬ ದ್ರವ್ಯದ ಸೂಕ್ಷ್ಮ ಹರಳುಗಳಿವು. ಈ ಪುಡಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕಥೆಯಲ್ಲಿ ಇದಕ್ಕೆ ದೊಡ್ಡ ಪಾತ್ರವಿದೆ.

ಪಂಡಿತರ ಕಣ್ಣಿಗೆ ಬೀಳುವ ಮೊದಲೇ ಪರ್ವತವಾಸಿಗಳಿಗೆ ಈ ಗಿಡ ಪರಿಚಿತವಾಗಿತ್ತು. ಕಡಿದಾದ ಬಂಡೆಗಳ ಮೇಲೆ ಕಾಡುಮೇಕೆಗಳನ್ನು ಬೆನ್ನಟ್ಟುವ ಆಲ್ಪ್ಸಿನ ಬೇಟೆಗಾರರು ಎತ್ತರದಲ್ಲಿ ತಲೆ ಸುತ್ತದಿರಲೆಂದು ಇದರ ಬೇರನ್ನು ಸೇವಿಸುತ್ತಿದ್ದರೆಂದು 16ನೆಯ ಶತಮಾನದ ಗ್ರಂಥಗಳು ಹೇಳುತ್ತವೆ. ಬೇರಿಗೆ ನಿಜವಾಗಿ ಆ ಗುಣವಿತ್ತೆ ಎಂಬುದು ವೈದ್ಯರು ತೀರ್ಮಾನಿಸಬೇಕಾದ ಮಾತು. ನಮಗೆ ಮುಖ್ಯವಾದುದೆಂದರೆ, ಈ ಗಿಡದ ಮೊದಲ ಜ್ಞಾನ ಓದುಬರಹವಿಲ್ಲದವರದಾಗಿತ್ತೆಂಬುದು. ಇಂದಿಗೂ ಆಸ್ಟ್ರಿಯ ದೇಶದವರಿಗೆ ಇದರ ಮೇಲೆ ಅಭಿಮಾನವಿದೆ. 2002ರಲ್ಲಿ ಚಲಾವಣೆಗೆ ಬಂದ ಆ ದೇಶದ ಐದು ಸೆಂಟ್ ನಾಣ್ಯದ ಮೇಲೆ ಇದರ ಚಿತ್ರವನ್ನೇ ಅಚ್ಚೊತ್ತಲಾಗಿದೆ.

ಪರ್ವತದಿಂದ ಉದ್ಯಾನಕ್ಕೆ ಇದರ ಪ್ರಯಾಣ ಆರಂಭವಾದದ್ದು ವಿಯೆನ್ನಾ ನಗರದಲ್ಲಿ. ಫ್ಲಾಂಡರ್ಸಿನ ಎಲ್ಲೆಯಲ್ಲಿರುವ ಆರಾಸ್ ಪಟ್ಟಣದಲ್ಲಿ 1526ರಲ್ಲಿ ಹುಟ್ಟಿದ ಶಾರ್ಲ್ ದ ಲೆಕ್ಲೂಸ್ ಎಂಬ ಸಸ್ಯಶಾಸ್ತ್ರಜ್ಞನನ್ನು ಸಾಮ್ರಾಟ ಎರಡನೆಯ ಮ್ಯಾಕ್ಸಿಮಿಲಿಯನ್ 1573ರಲ್ಲಿ ತನ್ನ ಆಸ್ಥಾನಕ್ಕೆ ಕರೆಸಿಕೊಂಡನು. ವಿದ್ವಲ್ಲೋಕದಲ್ಲಿ ಈತನು ಕ್ಲೂಸಿಯಸ್ ಎಂದು ಪ್ರಸಿದ್ಧನಾಗಿದ್ದಾನೆ. ಆಸ್ಟ್ರಿಯದ ಪರ್ವತಗಳನ್ನು ಸ್ವತಃ ಹತ್ತಿ, ಅಲ್ಲಿಯ ಗಿಡಗಳನ್ನು ತಂದು ನೆಟ್ಟು, ಪರೀಕ್ಷಿಸಿ ಬರೆದ ಮೊದಲಿಗರಲ್ಲಿ ಈತನೂ ಒಬ್ಬ. 1583ರಲ್ಲಿ ಆಂಟ್ವರ್ಪಿನಲ್ಲಿ ಅಚ್ಚಾದ ಈತನ ಆಸ್ಟ್ರಿಯ-ಹಂಗೆರಿ ಪ್ರಾಂತಗಳ ಸಸ್ಯಗ್ರಂಥದಲ್ಲಿ ಆರಿಕ್ಯುಲದ ಹಲವು ಬಗೆಗಳ ವರ್ಣನೆಯಿದೆ. ಅವುಗಳಲ್ಲಿ ಎರಡು ನಮಗೆ ಪ್ರಸ್ತುತ. ಮೊದಲನೆಯದು ಬೆಟ್ಟದ ಹಳದಿ ಹೂವು. ಎರಡನೆಯದರ ಹೂವು ಕೆಂಪು. ಈ ಎರಡನೆಯದನ್ನು ಕ್ಲೂಸಿಯಸನು ಕಂಡದ್ದು ಬೆಟ್ಟದಲ್ಲಿ ಅಲ್ಲ. ವಿಯೆನ್ನಾದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ತನ್ನ ಮಿತ್ರ ಐಖ್‌ಹೋಲ್ಟ್ಸನ ತೋಟದಲ್ಲಿ. ಐಖ್‌ಹೋಲ್ಟ್ಸನಿಗೆ ಅದನ್ನು ಶ್ರೀಮಂತ ಮನೆತನದ ಒಬ್ಬ ಮಹಿಳೆ ಕೊಟ್ಟಿದ್ದಳು. ಅದರ ಮೂಲನೆಲೆಯನ್ನು ಕ್ಲೂಸಿಯಸನು ಬೆಟ್ಟಗಳಲ್ಲಿ ಅರಸಿದನು, ಸಿಕ್ಕಲಿಲ್ಲ. ಇನ್ಸ್‌ಬ್ರುಕ್ ಪಟ್ಟಣದ ಆಸುಪಾಸಿನಲ್ಲಿ ಬೆಳೆಯುತ್ತದೆಂಬ ವದಂತಿಯನ್ನು ಮಾತ್ರ ದಾಖಲಿಸಿದನು.

ಆ ವದಂತಿ ನಿಜವೆಂದು ತಿಳಿಯಲು ಸುಮಾರು ಮೂರು ಶತಮಾನಗಳು ಬೇಕಾದವು. ಇನ್ಸ್‌ಬ್ರುಕ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಆಂಟನ್ ಕೆರ್ನರ್ ಎಂಬಾತನು 1867ರಲ್ಲಿ ಟಿರೋಲ್ ಪ್ರಾಂತದ ಗ್ಷ್ನಿಟ್ಸ್ ಕಣಿವೆಯ ಮೇಲುಭಾಗದಲ್ಲಿ ಈ ಗಿಡವನ್ನು ಕಂಡನು. ಅಲ್ಲಿಯ ಭೂರಚನೆ ಗಮನಾರ್ಹವಾದುದು. ಸುಣ್ಣಕಲ್ಲಿನ ಬಂಡೆಯೂ ಸುಣ್ಣವಿಲ್ಲದ ಸಿಲಿಕಾಯುಕ್ತ ಬಂಡೆಯೂ ಅಲ್ಲಿ ಒಂದನ್ನೊಂದು ಕೂಡುತ್ತವೆ. ಹಳದಿ ಆರಿಕ್ಯುಲ ಸುಣ್ಣಕಲ್ಲನ್ನು ಬಯಸುವಂಥದು. ಅದರ ಬಂಧುವಾದ, ಗುಲಾಬಿಗೆಂಪು ಹೂವಿನ, ಹಿಟ್ಟಿನ ಪುಡಿಯಿಲ್ಲದ ‘ಪ್ರಿಮ್ಯುಲ ಹಿರ್ಸೂಟ’ ಸುಣ್ಣವಿಲ್ಲದ ಬಂಡೆಯನ್ನು ಬಯಸುವಂಥದು. ಸಾಮಾನ್ಯವಾಗಿ ಇವೆರಡೂ ಒಂದೆಡೆ ಸೇರುವುದಿಲ್ಲ. ಬಂಡೆಗಳು ಕೂಡಿದ ಕಡೆ ಗಿಡಗಳೂ ಕೂಡಿ, ದುಂಬಿಗಳ ಮೂಲಕ ಪರಾಗವು ಬೆರೆತು, ಸಂಕರ ಸಂತಾನ ಹುಟ್ಟಿತು. ಕ್ಲೂಸಿಯಸನ ಎರಡನೆಯ ಆರಿಕ್ಯುಲ ಇದೇ ಎಂದು ಕೆರ್ನರನು ನಿರ್ಧರಿಸಿ, 1875ರಲ್ಲಿ ಆರಿಕ್ಯುಲದ ಇತಿಹಾಸವನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದನು. ಬೆಟ್ಟದ ಹಳದಿ ಹೂವೇ ತೋಟದ ಆರೈಕೆಯಿಂದ ನಾನಾ ಬಣ್ಣಗಳನ್ನು ತಳೆಯಿತೆಂದು ಅದುವರೆಗೆ ತೋಟಗಾರರು ನಂಬಿದ್ದರು. ತೋಟದ ಬಗೆಬಗೆಯ ಬಣ್ಣಗಳಿಗೆ ಮೂಲವು ಆ ಹಳದಿ ಹೂವೊಂದೇ ಅಲ್ಲ, ಈ ಸಂಕರ ಸಸ್ಯ ಎಂಬುದು ಈಗ ತಿಳಿದಿದೆ. ಹಳೆಯ ಗ್ರಂಥದ ಒಂದು ಸಾಲನ್ನು ಹಿಡಿದು ಬೆಟ್ಟವನ್ನು ಹತ್ತಿದ ಕೆರ್ನರನ ಈ ವಿಧಾನ, ಶಾಸನಪಾಠವನ್ನು ಹಿಡಿದು ಊರೂರು ಅಲೆಯುವ ನಮ್ಮ ಸಂಶೋಧಕರಿಗೆ ಹೊಸದೆಂದು ತೋರಲಾರದು.

ಇನ್ನು ಇಂಗ್ಲೆಂಡಿಗೆ ಬರೋಣ. 1597ರಲ್ಲಿ ಪ್ರಕಟವಾದ ಜಾನ್ ಜೆರಾರ್ಡನ ಸಸ್ಯಕೋಶದಲ್ಲಿ ‘ಕರಡಿಯ ಕಿವಿ’ಯ ಹಲವು ಬಗೆಗಳ ವರ್ಣನೆಯಿದೆ, ಅವುಗಳಲ್ಲಿ ಬಹುಪಾಲು ಲಂಡನ್ನಿನ ತೋಟಗಳಲ್ಲಿ ಬೆಳೆಯುತ್ತಿವೆಯೆಂದೂ ಆತನು ಹೇಳಿದ್ದಾನೆ. 1629ರ ಹೊತ್ತಿಗೆ ಜಾನ್ ಪಾರ್ಕಿನ್ಸನ್ ಸುಮಾರು ಇಪ್ಪತ್ತು ಬಗೆಗಳನ್ನು ಎಣಿಸುತ್ತಾನೆ. ಈ ಇಬ್ಬರೂ ನಿರಾಶ್ರಿತ ನೇಕಾರರ ಸುದ್ದಿಯನ್ನು ಎತ್ತುವುದಿಲ್ಲ. ನೇಕಾರರ ಕಥೆ ಬರಹದಲ್ಲಿ ಕಾಣಿಸಿಕೊಳ್ಳುವುದು ಬಹುಕಾಲದ ಮೇಲೆ. 20ನೆಯ ಶತಮಾನದಲ್ಲಿಯಂತೂ ಒಬ್ಬರು ಬರೆದುದನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತ ಅದು ಸಿದ್ಧಾಂತದ ಗೌರವವನ್ನೇ ಪಡೆದುಬಿಟ್ಟಿತು. ಸಮಕಾಲೀನ ಪತ್ರವಾಗಲಿ, ಲೆಕ್ಕವಾಗಲಿ, ಚರ್ಚಿನ ದಾಖಲೆಯಾಗಲಿ ಇದಕ್ಕೆ ಬೆಂಬಲವಾಗಿ ನಿಲ್ಲುವುದಿಲ್ಲ.

ಹಾಗೆಂದು ಕಥೆಯಲ್ಲಿ ಸತ್ಯದ ಎಳೆಯೇ ಇಲ್ಲವೆಂದು ಹೇಳಿದರೆ ಅದೂ ಅವಸರದ ಮಾತಾದೀತು. ಆ ಕಾಲದ ಲಂಡನ್ನಿನಲ್ಲಿ ಫ್ಲಾಂಡರ್ಸ್ ಕಡೆಯಿಂದ ಬಂದು ನೆಲಸಿದ ಸಸ್ಯಪ್ರೇಮಿಗಳು ಇದ್ದದ್ದು ನಿಜ. ಔಷಧವ್ಯಾಪಾರಿ ಜೇಮ್ಸ್ ಗ್ಯಾರೆಟ್ ಅಂಥವನು. ಕ್ಲೂಸಿಯಸನಿಗೂ ಜೆರಾರ್ಡನಿಗೂ ಈತನು ಮಿತ್ರನಾಗಿದ್ದನು. ಲೀಲ್ ಪಟ್ಟಣದ ವೈದ್ಯ ಮತಿಯಾಸ್ ದ ಲೊಬೆಲನೂ ಇಂಗ್ಲೆಂಡಿನಲ್ಲಿಯೇ ನೆಲಸಿ 1616ರಲ್ಲಿ ಅಲ್ಲಿಯೇ ತೀರಿಕೊಂಡನು. ಬೀಜಗಳನ್ನೂ ಬೇರುಗಳನ್ನೂ ಪತ್ರಗಳೊಡನೆ ಕಟ್ಟಿ ದೇಶದಿಂದ ದೇಶಕ್ಕೆ ಕಳುಹಿಸುವುದು ಈ ಮಿತ್ರಮಂಡಲಿಯ ನಿತ್ಯದ ವ್ಯವಹಾರವಾಗಿತ್ತು. ಆರಿಕ್ಯುಲ ಇಂಥವರ ಕೈಯಿಂದಲೇ ಇಂಗ್ಲೆಂಡಿಗೆ ಬಂದಿರುವ ಸಂಭವ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. ತಂದವರು ಪರದೇಶಿಗಳೇ ಇರಬಹುದು. ಆದರೆ ಅವರ ಕೈಯಲ್ಲಿದ್ದದ್ದು ಲಾಳಿಯಲ್ಲ, ಲೇಖನಿ.

ಹಾಗಾದರೆ ನೇಕಾರರು ಈ ಕಥೆಯೊಳಕ್ಕೆ ಹೇಗೆ ಬಂದರು? ಉತ್ತರ ಸುಲಭ. ಅವರು ನಿಜವಾಗಿಯೂ ಬಂದರು. ಎರಡು ಶತಮಾನ ತಡವಾಗಿ ಬಂದರು.

17ನೆಯ ಶತಮಾನದಲ್ಲಿ ಆರಿಕ್ಯುಲ ಜಮೀನುದಾರರ, ಪಾದ್ರಿಗಳ, ವರ್ತಕರ ತೋಟಗಳ ಹೂವಾಗಿತ್ತು. 18ನೆಯ ಶತಮಾನದ ನಡುಭಾಗದಲ್ಲಿ ಈ ಹೂವಿಗೆ ಒಂದು ವಿಲಕ್ಷಣವಾದ ಮಾರ್ಪಾಟು ಉಂಟಾಯಿತು. ದಳದ ಅಂಚಿನಲ್ಲಿ ಬಣ್ಣದ ಬದಲು ಎಲೆಯ ಹಸುರು ಕಾಣಿಸಿಕೊಂಡಿತು. ಅಂದರೆ ದಳದ ಒಂದು ಭಾಗ ಎಲೆಯ ಸ್ವಭಾವವನ್ನೇ ತಾಳಿತು. ಇಂಥ ಗಿಡಗಳಿಂದ ಬೀಜವನ್ನೆತ್ತಿ, ಆಯ್ದು, ಮತ್ತೆ ಬಿತ್ತಿ ಬೆಳೆಸಿದವರು ‘ಪ್ರದರ್ಶನ ಆರಿಕ್ಯುಲ’ವೆಂಬ ಅಚ್ಚರಿಯ ವಸ್ತುವನ್ನು ಸೃಷ್ಟಿಸಿದರು. ಹೂವಿನ ನಡುವೆ ಹೊಂಬಣ್ಣದ ಕೊರಳು. ಅದರ ಸುತ್ತ ಹಿಟ್ಟಿನ ಪುಡಿ ದಟ್ಟವಾಗಿ ಕೂಡಿದ ಬಿಳಿಯ ಬಳೆ. ಅದರಾಚೆ ಮಖಮಲ್ಲಿನಂಥ ಕಪ್ಪು. ಕೊನೆಗೆ ಹಸುರು ಅಂಚು. ಅಂಚಿನ ಮೇಲೆ ಪುಡಿ ತೆಳುವಾಗಿ ಕುಳಿತರೆ ಬೂದುಬಣ್ಣ, ದಟ್ಟವಾಗಿ ಕುಳಿತರೆ ಬಿಳಿ. ಒಂದು ಹನಿ ಮಳೆ ಬಿದ್ದರೆ ಸಾಕು, ಆ ಪುಡಿಯೆಲ್ಲ ಕಲಸಿ ಹೂವಿನ ಅಂದ ಕೆಡುತ್ತದೆ. ಆದ್ದರಿಂದ ಇದನ್ನು ಕುಂಡದಲ್ಲಿಟ್ಟು, ಮಳೆ ಬಂದಾಗ ಮುಚ್ಚಿ, ಬಿಸಿಲೇರಿದಾಗ ನೆರಳಿಗೆ ಸರಿಸಿ, ಮಗುವಿನಂತೆ ಸಾಕಬೇಕು.

ಇಂಥ ಹೂವಿಗೆ ತಕ್ಕ ಸಾಕುತಂದೆಯರು ಲ್ಯಾಂಕಷೈರಿನ ಕೈಮಗ್ಗದ ನೇಕಾರರು. ಅವರು ನೇಯುತ್ತಿದ್ದುದು ಮನೆಯಲ್ಲಿಯೇ. ಮೋಡ ಕವಿದರೆ ಮಗ್ಗದಿಂದೆದ್ದು ಹೊರಗೆ ಹೋಗಿ ಕುಂಡವನ್ನು ಸರಿಸಿ ಬರುವ ಸ್ವಾತಂತ್ರ್ಯ ಅವರಿಗಿತ್ತು. ಹತ್ತಾರು ಕುಂಡಗಳಿಗೆ ಅಂಗಳದ ಮೂಲೆಯೇ ಸಾಕು. ನೂಲಿನ ಎಳೆಯೆಳೆಯನ್ನೂ ಗುರುತಿಸುವ ಕಣ್ಣು, ಅವಸರಪಡದ ಕೈ ಅವರಿಗೆ ಕಸುಬಿನಿಂದಲೇ ಬಂದಿದ್ದವು. ಮ್ಯಾಂಚೆಸ್ಟರಿನ ಸಮೀಪದ ಮಿಡಲ್‌ಟನ್ ಮುಂತಾದ ಊರುಗಳಲ್ಲಿ ವಸಂತ ಬಂದೊಡನೆ ಪಾನಗೃಹಗಳಲ್ಲಿ ಹೂವಿನ ಪ್ರದರ್ಶನಗಳು ನಡೆಯುತ್ತಿದ್ದವು. ಗೆದ್ದವರಿಗೆ ತಾಮ್ರದ ನೀರಿನ ಕೆಟಲನ್ನು ಬಹುಮಾನವಾಗಿ ಕೊಡುವ ವಾಡಿಕೆಯಿತ್ತು. 1840ರ ದಶಕದಲ್ಲಿ ಮಿಡಲ್‌ಟನ್ನಿನ ರಾಬರ್ಟ್ ಲ್ಯಾಂಕಷೈರ್ ಎಂಬಾತನು ಬೆಳೆಸಿದ ‘ಲ್ಯಾಂಕಷೈರ್ ಹೀರೊ’ ಎಂಬ ತಳಿ ಮುಂದಿನ ಕಾಲದ ಬೆಳೆಗಾರರಲ್ಲಿಯೂ ಮಾನ್ಯವಾಗಿ ಉಳಿಯಿತು. ಎಲ್ಲ ತಳಿಗಳೂ ನೇಕಾರರವೇ ಎಂದಲ್ಲ. ‘ಜಾರ್ಜ್ ಲೈಟ್‌ಬಾಡಿ’ ಎಂಬ ಹೆಸರಾಂತ ತಳಿಯನ್ನು 1857ರಲ್ಲಿ ಬೆಳಕಿಗೆ ತಂದ ರಿಚರ್ಡ್ ಹೆಡ್ಲಿ ನೇಕಾರನಲ್ಲ, ಕೇಂಬ್ರಿಜ್‌ಷೈರಿನ ಅನುಕೂಲಸ್ಥ ಗೃಹಸ್ಥ.

ಗೊಬ್ಬರದ ವಿಷಯದಲ್ಲಿ ಈ ಬೆಳೆಗಾರರ ಉತ್ಸಾಹ ಮಿತಿಮೀರಿದುದಾಗಿತ್ತು. 1815ರಲ್ಲಿ ಐಸಾಕ್ ಎಮರ್ಟನ್ ಎಂಬ ಸಸಿವ್ಯಾಪಾರಿ ಬರೆದ ಆರಿಕ್ಯುಲ ಕೃಷಿಯ ಪುಸ್ತಕದಲ್ಲಿ ಎತ್ತಿನ ರಕ್ತದಲ್ಲಿ ನೆನೆಸಿದ ಬಾತುಕೋಳಿ ಜಾತಿಯ ಹೆಬ್ಬಕ್ಕಿಯ ಹಿಕ್ಕೆ, ಸಕ್ಕರೆ ಕಾಯಿಸುವಾಗ ತೆಗೆಯುವ ಕಲ್ಮಷ ಮೊದಲಾದವುಗಳ ಪಾಕವೊಂದನ್ನು ವಿಧಿಸಿದ್ದಾನೆ. ಬರಿಯ ಬಂಡೆಯ ಬಿರುಕಿನಲ್ಲಿ ಹಿಮದ ನೀರನ್ನು ಕುಡಿದು ಬಾಳಿದ ಗಿಡ ಈ ಮೃಷ್ಟಾನ್ನವನ್ನು ಸಹಿಸಿಕೊಂಡದ್ದೇ ಅಚ್ಚರಿ.

ನೇಕಾರರು ಗ್ರಂಥಗಳನ್ನು ಬರೆದಿಡಲಿಲ್ಲ. ಆದರೆ ಅವರ ಕಸುಬಿನ ಗುರುತು ಒಂದು ಪದದಲ್ಲಿ ಉಳಿದಿದೆಯೆಂದು ಊಹಿಸಿದವನು ಸ್ವತಃ ಚಾರ್ಲ್ಸ್ ಡಾರ್ವಿನ್. ಪ್ರಿಮ್ಯುಲ ಜಾತಿಯ ಹೂಗಳಲ್ಲಿ ಎರಡು ಬಗೆಗಳುಂಟು. ಒಂದು ಬಗೆಯ ಗಿಡದಲ್ಲಿ ಶಲಾಕೆ ಉದ್ದವಾಗಿದ್ದು, ಅದರ ತುದಿ ಗುಂಡುಸೂಜಿಯ ತಲೆಯಂತೆ ಹೂವಿನ ಬಾಯಲ್ಲಿ ಕಾಣುತ್ತದೆ. ಕೇಸರಗಳು ಕೊರಳಿನ ಕೆಳಗಡೆ ಅಡಗಿರುತ್ತವೆ. ಇನ್ನೊಂದು ಬಗೆಯಲ್ಲಿ ಶಲಾಕೆ ಗಿಡ್ಡ. ಕೇಸರಗಳೇ ಬಾಯಲ್ಲಿ ಕುಚ್ಚಿನಂತೆ ನಿಂತಿರುತ್ತವೆ. ಹೂಬೆಳೆಗಾರರು ಮೊದಲನೆಯದನ್ನು ‘ಪಿನ್’ ಎಂದೂ ಎರಡನೆಯದನ್ನು ‘ಥ್ರಮ್’ ಎಂದೂ ಕರೆದು, ಪಿನ್ ಹೂವನ್ನು ಪ್ರದರ್ಶನಕ್ಕೆ ಅನರ್ಹವೆಂದು ತಳ್ಳಿಹಾಕುತ್ತಿದ್ದರು. ಈ ಎರಡು ರೂಪಗಳು ಪರಸ್ಪರ ಪರಾಗಸ್ಪರ್ಶಕ್ಕಾಗಿಯೇ ಏರ್ಪಟ್ಟಿವೆಯೆಂಬುದನ್ನು ಡಾರ್ವಿನ್ 1861ರಲ್ಲಿ ಲಿನೇಯನ್ ಸೊಸೈಟಿಯ ಮುಂದೆ ಓದಿದ ಪ್ರಬಂಧದಲ್ಲಿ ತೋರಿಸಿಕೊಟ್ಟು, 1877ರ ಗ್ರಂಥದಲ್ಲಿ ವಿಸ್ತರಿಸಿದನು. ಅವನಿಗಿಂತ ಎಷ್ಟೋ ಮುಂಚೆ ಬೆಳೆಗಾರರು ಆ ಭೇದವನ್ನು ಕಂಡಿದ್ದರು, ಹೆಸರಿಟ್ಟಿದ್ದರು. ಕಾರಣವನ್ನು ಮಾತ್ರ ಕೇಳಿರಲಿಲ್ಲ. ಥ್ರಮ್ ಎಂದರೆ ಬಟ್ಟೆಯನ್ನು ನೇದು ಕೊಯ್ದುಕೊಂಡ ಮೇಲೆ ಮಗ್ಗದಲ್ಲಿ ಉಳಿಯುವ ಹಾಸುನೂಲಿನ ತುದಿಗಳು. ಹೂವನ್ನು ಬೆಳೆಸುತ್ತಿದ್ದ ಯಾವನೋ ನೇಕಾರನು ಹೋಲಿಕೆಯನ್ನು ಕಂಡು ಈ ಹೆಸರನ್ನು ಇಟ್ಟಿರಬೇಕೆಂಬುದು ಡಾರ್ವಿನ್ನನ ಊಹೆ. ಊಹೆ ಸೊಗಸಾಗಿದೆ. ಆದರೆ ಹೂವಿನ ನಡುವಣ ಎಳೆಗಳಿಗೆ ಈ ಪದವನ್ನು ಬಳಸುವುದು 17ನೆಯ ಶತಮಾನದ ಆದಿಭಾಗದ ಇಂಗ್ಲಿಷ್ ಸಸ್ಯಗ್ರಂಥಗಳಲ್ಲಿಯೇ ಕಂಡುಬರುವುದರಿಂದ, ಇದೊಂದನ್ನೇ ನೆಚ್ಚಿ ತೀರ್ಮಾನಕ್ಕೆ ಬರುವಂತಿಲ್ಲ. ನೇಕಾರರ ಹಕ್ಕನ್ನು ಸ್ಥಾಪಿಸಲು ಪ್ರದರ್ಶನಗಳ ಬಹುಮಾನದ ಪಟ್ಟಿಗಳೂ ಅವರು ಬೆಳೆಸಿದ ತಳಿಗಳ ಹೆಸರುಗಳೂ ಹೆಚ್ಚು ಗಟ್ಟಿಯಾದ ಆಧಾರಗಳು.

ಲ್ಯಾಂಕಷೈರ್ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಭಾರತದ ಮಾರುಕಟ್ಟೆಯನ್ನು ತುಂಬಿ ನಮ್ಮ ನೇಕಾರರ ಅನ್ನವನ್ನು ಕಸಿದ ಗಿರಣಿಬಟ್ಟೆ. ಅದೇ ಯಂತ್ರಮಗ್ಗವು ಅದೇ ಲ್ಯಾಂಕಷೈರಿನ ಕೈಮಗ್ಗದವರನ್ನೂ ಅಳಿಸಿತೆಂಬುದನ್ನು ತರಗತಿಗಳಲ್ಲಿ ನಾವು ಸಾಕಷ್ಟು ಒತ್ತಿ ಹೇಳುವುದಿಲ್ಲ. 1820ರ ದಶಕದಲ್ಲಿ ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಮೀರಿದ ಹತ್ತಿಬಟ್ಟೆಯ ಕೈಮಗ್ಗದ ನೇಕಾರರಿದ್ದರೆಂದು ಅಂದಾಜು. ಮೂವತ್ತು ನಲವತ್ತು ವರ್ಷಗಳಲ್ಲಿ ಆ ವರ್ಗ ಬಹುಮಟ್ಟಿಗೆ ಇಲ್ಲವಾಯಿತು. 1834-35ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ಅವರ ದುರವಸ್ಥೆಯನ್ನು ಕೇಳಿ ಬರೆದುಕೊಂಡಿತು, ಪರಿಹಾರ ದೊರೆಯಲಿಲ್ಲ. ಆರಿಕ್ಯುಲದ ಬೀಡಾಗಿದ್ದ ಮಿಡಲ್‌ಟನ್ನಿನಿಂದಲೇ 1819ರ ಆಗಸ್ಟ್ 16ರಂದು ನೇಕಾರ ಸ್ಯಾಮ್ಯುಯೆಲ್ ಬ್ಯಾಮ್‌ಫರ್ಡನ ಮುಂದಾಳುತನದಲ್ಲಿ ಮತದಾನದ ಹಕ್ಕನ್ನು ಕೇಳಲು ಜನರ ಮೆರವಣಿಗೆ ಮ್ಯಾಂಚೆಸ್ಟರಿಗೆ ಹೊರಟಿತ್ತು. ಅಲ್ಲಿ ಕುದುರೆಯ ದಂಡು ಜನರ ಮೇಲೆ ನುಗ್ಗಿ ನಡೆದ ಕೊಲೆಯೇ ಪೀಟರ್‌ಲೂ ಎಂದು ಕುಪ್ರಸಿದ್ಧವಾದುದು. ಮೆರವಣಿಗೆಯವರಲ್ಲಿ ಎಷ್ಟು ಮಂದಿಯ ಅಂಗಳದಲ್ಲಿ ಆರಿಕ್ಯುಲದ ಕುಂಡಗಳಿದ್ದವೋ ಯಾರೂ ಬರೆದಿಟ್ಟಿಲ್ಲ. ಶ್ರೀಮತಿ ಗ್ಯಾಸ್ಕೆಲ್ 1848ರಲ್ಲಿ ಪ್ರಕಟಿಸಿದ ‘ಮೇರಿ ಬಾರ್ಟನ್’ ಕಾದಂಬರಿಯಲ್ಲಿ ಗಿಡಮೂಲಿಕೆ, ಕ್ರಿಮಿಕೀಟಗಳನ್ನು ಶಾಸ್ತ್ರೀಯವಾಗಿ ಬಲ್ಲ ಮ್ಯಾಂಚೆಸ್ಟರಿನ ದುಡಿಮೆಗಾರರ ಚಿತ್ರವನ್ನು ಕೊಟ್ಟಳು. ಆ ವೇಳೆಗೆ ಅಂಥವರ ಕಾಲ ಮುಗಿಯುತ್ತ ಬಂದಿತ್ತು. ಗಿರಣಿಯ ಗಂಟೆಗೆ ಓಡಬೇಕಾದವನು ಮೋಡವನ್ನು ಕಂಡು ಕುಂಡವನ್ನು ಸರಿಸಲಾರನು. 1870ರ ದಶಕದಲ್ಲಿ ಆರಿಕ್ಯುಲ ಸಂಘಗಳು ವ್ಯವಸ್ಥಿತವಾಗಿ ಏರ್ಪಟ್ಟು ಅಳಿದುಳಿದ ತಳಿಗಳನ್ನು ಕಾಪಾಡಿದವು. ಪರದೇಶದ ನಿರಾಶ್ರಿತ ನೇಕಾರರ ಐತಿಹ್ಯ ಜನಪ್ರಿಯವಾದದ್ದು ಈ ನೇಕಾರರು ಕಣ್ಮರೆಯಾಗತೊಡಗಿದ ಮೇಲೆ ಎಂಬುದನ್ನು ಗಮನಿಸಬೇಕು. ನೇಕಾರರಿಗೂ ಈ ಹೂವಿಗೂ ಸಂಬಂಧವುಂಟೆಂಬ ನೆನಪು ಜನಮನದಲ್ಲಿತ್ತು. ಕಾಲ ಮಾತ್ರ ಪಲ್ಲಟವಾಯಿತು. ತಂದವರೆಂಬ ಕಲ್ಪಿತ ಗೌರವವನ್ನು ಕೊಟ್ಟು, ನಿರ್ಮಿಸಿದವರೆಂಬ ನಿಜವಾದ ಗೌರವವನ್ನು ಮಸುಕುಗೊಳಿಸಿದ ಈ ಐತಿಹ್ಯವನ್ನು ನಾವು ಬದಿಗಿಡುವುದು ನ್ಯಾಯ.

ಕೊನೆಯದಾಗಿ ಶಿಲೋದ್ಯಾನದ ಮಾತು. ಪರ್ವತದ ಗಿಡಗಳಿಗೆ ಪರ್ವತದಂಥ ನೆಲೆಯನ್ನೇ ಕೃತಕವಾಗಿ ಕಲ್ಪಿಸಬೇಕೆಂಬ ವಿಚಾರ 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಲಗೊಂಡಿತು. ಕೆರ್ನರನೇ 1864ರಲ್ಲಿ ಪರ್ವತಸಸ್ಯಗಳ ಕೃಷಿಯನ್ನು ಕುರಿತು ಬರೆದಿದ್ದನು. 1870ರಲ್ಲಿ ವಿಲಿಯಂ ರಾಬಿನ್ಸನ್ ಇಂಗ್ಲಿಷ್ ತೋಟಗಳಿಗಾಗಿ ಅಂಥದೇ ಪುಸ್ತಕವನ್ನು ಹೊರತಂದನು. 1882ರಲ್ಲಿ ಕ್ಯೂ ಉದ್ಯಾನದಲ್ಲಿ ಶಿಲೋದ್ಯಾನ ರೂಪುಗೊಂಡಿತು. ಯಾರ್ಕ್‌ಷೈರಿನ ರೆಜಿನಾಲ್ಡ್ ಫ್ಯಾರರ್ 1907ರ ತನ್ನ ಪುಸ್ತಕದಲ್ಲಿ, ಮಣ್ಣಿನ ಗುಡ್ಡೆಗೆ ಕಲ್ಲುಗಳನ್ನು ಚುಚ್ಚಿ ಶಿಲೋದ್ಯಾನವೆನ್ನುವವರನ್ನು, ಸಿಹಿಕಡುಬಿಗೆ ಬಾದಾಮಿಯನ್ನು ಚುಚ್ಚುವವರಿಗೆ ಹೋಲಿಸಿ ಪರಿಹಾಸ ಮಾಡಿದನು. 1919ರಲ್ಲಿ ಅವನ ಎರಡು ಸಂಪುಟಗಳ ದೊಡ್ಡ ಗ್ರಂಥ ಹೊರಬಂದಿತು. ಮರುವರ್ಷವೇ, ಹೊಸ ಗಿಡಗಳನ್ನು ಅರಸುತ್ತ ಬರ್ಮಾದ ಉತ್ತರದ ಗಡಿಬೆಟ್ಟಗಳಲ್ಲಿದ್ದಾಗ, ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು.

ಶಿಲೋದ್ಯಾನಕ್ಕೆ ಒಪ್ಪುವುದು ಹಸುರಂಚಿನ ಪ್ರದರ್ಶನದ ಹೂವಲ್ಲ; ಮಳೆಗೆ ಅದರ ಬಾಳೇ ಕೆಡುತ್ತದೆ. ಅಲ್ಲಿ ಸಲ್ಲುವುದು ಬೆಟ್ಟದ ಹಳದಿ ಹೂವು ಅಥವಾ ಅದರ ಗಟ್ಟಿಮುಟ್ಟಾದ ಸಂಕರ ಸಂತಾನ. ಸುಣ್ಣದಂಶವುಳ್ಳ, ಜಲ್ಲಿ ಬೆರೆತ, ನೀರು ನಿಲ್ಲದ ಮಣ್ಣು ಇದಕ್ಕೆ ಬೇಕು. ಎರಡು ಕಲ್ಲುಗಳ ಸಂದಿನಲ್ಲಿ ತುಸು ಓರೆಯಾಗಿ ನೆಟ್ಟರೆ ಎಲೆಗಳ ನಡುವೆ ನೀರು ತಂಗುವುದಿಲ್ಲ. ಬುಡದ ಸುತ್ತ ಸಣ್ಣ ಕಲ್ಲುಚೂರುಗಳನ್ನು ಹರಡುವುದು ಒಳ್ಳೆಯದು. ಈ ಗಿಡವನ್ನು ಕೊಲ್ಲುವುದು ಚಳಿಯಲ್ಲ, ಚಳಿಗಾಲದ ತೇವ. ವಸಂತದಲ್ಲಿ ಬಿಸಿಲು, ಬೇಸಗೆಯ ನಡುಹಗಲಿನಲ್ಲಿ ನೆರಳು ದೊರೆಯುವ ಪೂರ್ವದಿಕ್ಕಿನ ಇಳಿಜಾರು ಇದಕ್ಕೆ ಹಿತ. ಹಿಮ ಬೀಳುವ ಚಳಿಗಾಲದ ದೀರ್ಘ ನಿದ್ರೆ ಇದಕ್ಕೆ ಅವಶ್ಯಕವಾದುದರಿಂದ ನಮ್ಮ ಪ್ರಸ್ಥಭೂಮಿಯ ತೋಟಗಳಲ್ಲಿ ಇದು ನೆಲೆಗೊಳ್ಳುವ ನಿರೀಕ್ಷೆಯಿಲ್ಲ. ಬೀಜ ಮೊಳೆಯಬೇಕಾದರೂ ಚಳಿ ತಾಗಬೇಕು. ಆದರೆ ಬೀಜವನ್ನು ನೆಚ್ಚುವವರು ಒಂದು ಮಾತನ್ನು ಮರೆಯಬಾರದು: ಕೆಂಪು ಹೂವಿನ ಬಂಧುಗಳು ಹತ್ತಿರದಲ್ಲಿದ್ದರೆ, ಹಳದಿ ಗಿಡದ ಬೀಜದಿಂದ ಹಳದಿ ಗಿಡವೇ ಬಂದೀತೆಂಬ ಭರವಸೆಯಿಲ್ಲ. ಗ್ಷ್ನಿಟ್ಸ್ ಕಣಿವೆಯಲ್ಲಿ ನಡೆದದ್ದೇ ತೋಟದಲ್ಲಿಯೂ ನಡೆಯುತ್ತದೆ. ತಳಿ ಶುದ್ಧವಾಗಿ ಬೇಕೆನ್ನುವವರು ಹೂ ಮುಗಿದ ಮೇಲೆ ಬುಡದಲ್ಲಿ ಒಡೆಯುವ ಮರಿಗಳನ್ನು ಬೇರುಸಹಿತ ಬಿಡಿಸಿ ನೆಡುತ್ತಾರೆ.